ವಿಳಾಸ ಕೆಡವಿದವರೇ ವಿಳಾಸ ಕೇಳುತ್ತಾರೆ

2016ರ ಡಿಸೆಂಬರ್ 7. ಕೊಡಗಿನ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ 577 ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಅರಣ್ಯ ಇಲಾಖೆ ಪೊಲೀಸ್ ಬಂದೋಬಸ್ತಿನಲ್ಲಿ ನೆಲಸಮ ಮಾಡಿತು. ಕಾಫಿ ಕೊಯ್ಲಿನ ಕಾಲ, ಮೈ ಕೊರೆಯುವ ಚಳಿ. ಅಲ್ಲಿದ್ದವರು ಜೇನು ಕುರುಬರು, ಬೆಟ್ಟ ಕುರುಬರು, ಎರವರು. ತೋಟಗಳ ಲೈನ್ ಮನೆಗಳ ಜೀತದಿಂದ ಹೊರಬಂದು, ಇನ್ನಾದರೂ ನಮ್ಮದೆನ್ನುವ ನೆಲದಲ್ಲಿ ಬದುಕೋಣ ಎಂದು ಗೂಡು ಕಟ್ಟಿಕೊಂಡವರು ಅವರಲ್ಲಿ ಬಹಳ ಮಂದಿ. ಮುತ್ತಮ್ಮ ಎಂಬ ಆದಿವಾಸಿ ಹೆಣ್ಣುಮಗಳು ಮರವೇರಿ ಪ್ರತಿಭಟಿಸಿದ್ದನ್ನು ನಾಡೆಲ್ಲ ಕಂಡಿತು. ತಿಂಗಳುಗಟ್ಟಲೆ ನಡೆದ ಹೋರಾಟದ ನಂತರ ಸರ್ಕಾರ ಕುಶಾಲನಗರದ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಜಾಗ ತೋರಿಸಿತು. ಅಲ್ಲಿಗೆ ಪ್ರಕರಣ ಮುಗಿಯಿತು ಎಂದು ಪತ್ರಿಕೆಗಳು ಮುಂದಿನ ಸುದ್ದಿಗೆ ಹೋದವು.

ಮುಗಿಯಲಿಲ್ಲ. ಗುಡಿಸಲು ಉರುಳಿದಾಗ ಅದರ ಜೊತೆ ಒಂದು ವಿಳಾಸವೂ ಉರುಳಿತು. ಈ ದೇಶದಲ್ಲಿ ಬಡವರ ಮಗುವಿನ ಚಿಕಿತ್ಸೆ ನೇತಾಡುತ್ತಿರುವುದು ಆ ವಿಳಾಸದ ಮೇಲೆ. ವಿಳಾಸವಿದ್ದರೆ ರೇಷನ್ ಕಾರ್ಡ್, ರೇಷನ್ ಕಾರ್ಡ್ ಇದ್ದರೆ ಆಯುಷ್ಮಾನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಇದ್ದರೆ ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ. ಒಂದು ಕೈಯಿಂದ ವಿಳಾಸವನ್ನು ಕೆಡವುವ ಸರ್ಕಾರ ಇನ್ನೊಂದು ಕೈ ಚಾಚಿ ಅದೇ ವಿಳಾಸದ ದಾಖಲೆ ಕೇಳುತ್ತದೆ. ನಮ್ಮ ಜಿಲ್ಲೆಯಲ್ಲಿ ಆದಿವಾಸಿ ಮಕ್ಕಳ ಮೇಲೆ ನಡೆದಿರುವ ಅನ್ಯಾಯದ ಬೇರು ಇಲ್ಲಿದೆ. ಇದನ್ನು ಬಡತನವೆಂದು, ಅಜ್ಞಾನವೆಂದು, ಹಣೆಬರಹವೆಂದು ಕರೆದು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಇದು ಇಲಾಖೆಗಳು ಆದೇಶ ಹೊರಡಿಸಿ ಮಾಡಿದ ವಿನಾಶ.

ಕಾಗದದ ಮೇಲೆ ಏನಿದೆ ನೋಡಿ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಆರೋಗ್ಯ ಕರ್ನಾಟಕ ಯೋಜನೆ ತಂದಿತು. ಅದೇ ವರ್ಷ ಸೆಪ್ಟೆಂಬರ್ 23ರಂದು ಕೇಂದ್ರ ಸರ್ಕಾರ ರಾಂಚಿಯಲ್ಲಿ ಆಯುಷ್ಮಾನ್ ಭಾರತ್‌ಗೆ ಚಾಲನೆ ಕೊಟ್ಟಿತು. ಅಕ್ಟೋಬರ್ ಕೊನೆಗೆ ಎರಡೂ ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಪಟ್ಟಿಯಲ್ಲಿ ಆಗ 1,650ರಷ್ಟು ಚಿಕಿತ್ಸೆಗಳು. ಕೇಂದ್ರದ ನಿಯಮಾವಳಿಯಲ್ಲಿ ತಾನೇ ತಾನಾಗಿ ಸೇರಬೇಕಾದವರ ಒಂದು ಪಟ್ಟಿ ಇದೆ: ಸೂರಿಲ್ಲದವರು, ಭಿಕ್ಷೆಯ ಮೇಲೆ ಬದುಕುವವರು, ಮಲ ಹೊರುವ ಕೆಲಸದ ಕುಟುಂಬಗಳು, ಜೀತದಿಂದ ಬಿಡುಗಡೆಯಾದವರು, ಮೂಲ ಬುಡಕಟ್ಟುಗಳು. ಮಿಕ್ಕ ಪರಿಶಿಷ್ಟ ಪಂಗಡದ ಕುಟುಂಬಗಳೂ ಅರ್ಹರೇ. ದಿಡ್ಡಳ್ಳಿಯ ಜನರನ್ನು ಆ ಪಟ್ಟಿಯ ಪಕ್ಕ ನಿಲ್ಲಿಸಿ. ಸೂರಿಲ್ಲದವರು ಅವರೇ, ಜೀತದಿಂದ ಹೊರಬಂದವರು ಅವರೇ, ಮೂಲ ಬುಡಕಟ್ಟಾದ ಜೇನು ಕುರುಬರು ಅವರಲ್ಲೇ. ಸರ್ಕಾರದ ಸ್ವಂತ ಬರಹದ ಪ್ರಕಾರವೇ ಈ ಸಾಲಿನ ಮುಂದೆ ನಿಲ್ಲಬೇಕಾದ ಮಕ್ಕಳು ಇವರು.

ಆದರೆ ಆಸ್ಪತ್ರೆಯ ಕೌಂಟರಿನಲ್ಲಿ ನಿಯಮಾವಳಿಯ ಪುಸ್ತಕ ಇರುವುದಿಲ್ಲ, ಕಂಪ್ಯೂಟರ್ ಇರುತ್ತದೆ. ಕರ್ನಾಟಕದಲ್ಲಿ ಆ ಕಂಪ್ಯೂಟರಿಗೆ ಬೇಕಾದದ್ದು ಆಹಾರ ಇಲಾಖೆಯ ರೇಷನ್ ಕಾರ್ಡ್ ನಂಬರು ಮತ್ತು ಆಧಾರ್. ರೇಷನ್ ಕಾರ್ಡ್ ತೋರಿಸದ ರೋಗಿಯನ್ನು ಯೋಜನೆ ಸಾಮಾನ್ಯ ವರ್ಗಕ್ಕೆ ಸೇರಿಸುತ್ತದೆ. ಸಾಮಾನ್ಯ ವರ್ಗಕ್ಕೆ ಸರ್ಕಾರ ಕೊಡುವುದು ನಿಗದಿತ ವೆಚ್ಚದ ನೂರಕ್ಕೆ 30 ಮಾತ್ರ. ಉಳಿದ 70 ಕುಟುಂಬವೇ ಕಟ್ಟಬೇಕು. ಎಂದರೆ ಕಾರ್ಡ್ ಇಲ್ಲದ ಎರವರ ಕೂಸು, ಆ ಕೂಸಿನ ತಾಯಿ ಕಾಫಿ ಕೊಯ್ಯುವ ತೋಟದ ಮಾಲೀಕನ ಮಗುವಿನ ಸಾಲಿಗೆ ಬರುತ್ತದೆ! ಹೃದಯದಲ್ಲಿ ರಂಧ್ರವಿರುವ ಮಗುವಿನ ಶಸ್ತ್ರಚಿಕಿತ್ಸೆಯ ಖರ್ಚಿನಲ್ಲಿ ನೂರಕ್ಕೆ 70 ಭಾಗವನ್ನು ದಿನಗೂಲಿಯ ತಾಯಿ ಎಲ್ಲಿಂದ ತರಬೇಕು? ಸಮಾನತೆಯನ್ನು ಇಷ್ಟು ಕ್ರೂರವಾಗಿ ಪಾಲಿಸಿದ ಇನ್ನೊಂದು ನಿಯಮವನ್ನು ನಾನು ಕಂಡಿಲ್ಲ.

ಕಾರ್ಡ್ ಮಾಡಿಸಿಕೊಳ್ಳಬಾರದೇ ಎಂದು ಮಡಿಕೇರಿಯ ಸಭೆಗಳಲ್ಲಿ ಸುಲಭವಾಗಿ ಕೇಳುತ್ತಾರೆ. ಮಾಡಿಸುವ ದಾರಿ ಹೀಗಿದೆ. ಮಗು ಹುಟ್ಟಿದ 21 ದಿನದೊಳಗೆ ಜನನ ನೋಂದಣಿಯಾಗಬೇಕು. ಆದಿವಾಸಿಗಳ ನೆಲೆಯಾದ ಹಾಡಿಯಲ್ಲೇ ಹೆರಿಗೆಯಾಗಿ, ಯಾರೂ ಬರೆದುಕೊಳ್ಳದೆ ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಅಧಿಕಾರವಿರುವ ಅಧಿಕಾರಿಯ ಆದೇಶ ಬೇಕು. ಜನನ ಪ್ರಮಾಣಪತ್ರ ಬಂದ ಮೇಲೆ ಮಗುವಿಗೆ ಆಧಾರ್. ಅದಕ್ಕೆ ತಾಯಿಯ ಅಥವಾ ತಂದೆಯ ಆಧಾರ್ ಬೇಕು. ಮಗುವಿಗೆ ಐದು ವರ್ಷವಾದಾಗ ಬೆರಳಚ್ಚು ಕೊಡಬೇಕು, ಹದಿನೈದಕ್ಕೆ ಮತ್ತೆ ಕೊಡಬೇಕು. ಅಪ್ಪ ಅಮ್ಮನ ಹೆಸರಿನಲ್ಲಿ ರೇಷನ್ ಕಾರ್ಡ್ ಇರಬೇಕು, ಅದರಲ್ಲಿ ಮಗುವಿನ ಹೆಸರು ಸೇರಬೇಕು, ಮನೆಮಂದಿಯೆಲ್ಲ ಹೆಬ್ಬೆಟ್ಟು ಒತ್ತಿ ಇ-ಕೆವೈಸಿ ಮಾಡಿಸಬೇಕು. ಕಾಫಿ ಹಣ್ಣು ಬಿಡಿಸಿ, ಕಳೆ ಕಿತ್ತು, ಗೊಬ್ಬರ ಹೊತ್ತು ಸವೆದ ಬೆರಳನ್ನು ಯಂತ್ರ ಓದುವುದಿಲ್ಲ. ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿ, ಅರ್ಜಿಗೆ ಗ್ರಾಮ ಒನ್ ಕೇಂದ್ರ, ಒಟಿಪಿಗೆ ಮೊಬೈಲು. ಒಂದೊಂದು ಮೆಟ್ಟಿಲಿಗೂ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಚಾರ್ಜು ಹೋಗುತ್ತದೆ. ಒಂದೊಂದು ಮೆಟ್ಟಿಲಲ್ಲೂ ಕೂತವರು ಕೇಳುವುದು ಒಂದೇ: ‘ಮನೆ ಎಲ್ಲಮ್ಮ? ಮನೆ ನಂಬರ್ ಹೇಳು.’

ಕಾರ್ಡ್ ಸಿಕ್ಕವರೂ ನೆಮ್ಮದಿಯಾಗಿ ಇರುವಂತಿಲ್ಲ. 2024ರ ನವೆಂಬರ್‌ನಲ್ಲಿ ಅನರ್ಹರನ್ನು ತೆಗೆಯುತ್ತೇವೆಂದು ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳಿಗೆ ಕತ್ತರಿ ಹಾಕಲು ಹೊರಟಾಗ ಎದ್ದ ಗದ್ದಲ ನೆನಪಿದೆಯಲ್ಲ? ಜನ ಬೀದಿಗೆ ಬಂದರು, ವಿರೋಧ ಪಕ್ಷ ಕೂಗಿತು, ಸರ್ಕಾರ ಹಿಂದೆ ಸರಿಯಿತು. ಕೂಗುವ ಶಕ್ತಿ ಇದ್ದವರಿಗೆ ನ್ಯಾಯ ಸಿಕ್ಕಿತು. ಹಾಡಿಯವರ ಕಾರ್ಡಿನಿಂದ ಒಂದು ಹೆಸರು ಬಿಟ್ಟುಹೋದರೆ ಅದು ಗೊತ್ತಾಗುವುದೇ ಮಗು ಜ್ವರದಿಂದ ಮೈ ಕಾದು ಆಸ್ಪತ್ರೆಯ ಬಾಗಿಲಿಗೆ ಬಂದಾಗ.

ಈಗ ಲೈನ್ ಮನೆಗೆ ಬನ್ನಿ. ಕೊಡಗಿನ ಪ್ರವಾಸದ ಜಾಹೀರಾತಿನಲ್ಲಿ ಮಂಜು ಇರುತ್ತದೆ, ಕಾಫಿ ಹೂವಿರುತ್ತದೆ. ಲೈನ್ ಮನೆ ಇರುವುದಿಲ್ಲ. ತೋಟದ ಅಂಚಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಸಾಲು ಕೋಣೆಗಳು. ಒಂದು ಕೋಣೆಗೆ ಒಂದು ಸಂಸಾರ. ನೆಲ ಮಾಲೀಕನದು, ಗೋಡೆ ಮಾಲೀಕನದು, ಬಾಗಿಲೂ ಮಾಲೀಕನದೇ. ಆ ಕೋಣೆಗೆ ಅವರ ಹೆಸರಿನಲ್ಲಿ ಕಂದಾಯ ರಸೀದಿ ಇಲ್ಲ, ಕರೆಂಟು ಬಿಲ್ಲು ಇಲ್ಲ, ಬಾಡಿಗೆ ಕರಾರು ಇಲ್ಲ. ಸಾಹುಕಾರರು ಒಂದು ಚೀಟಿ ಬರೆದುಕೊಟ್ಟರೆ ವಿಳಾಸ ಉಂಟು, ಕೊಡದಿದ್ದರೆ ಇಲ್ಲ. ಕೊಡಲು ಅನೇಕರು ಹಿಂಜರಿಯುತ್ತಾರೆ, ಏಕೆಂದರೆ ಇಂದು ವಿಳಾಸ ಕೇಳಿದವನು ನಾಳೆ ನಿವೇಶನ ಕೇಳುತ್ತಾನೆ ಎಂಬ ಭಯ. ಕೊಟ್ಟ ಮುಂಗಡ ತೀರುವವರೆಗೆ ಸಂಸಾರ ಅಲ್ಲೇ ಇರಬೇಕು. ತೀರಿದ ಮೇಲೆ ಇನ್ನೊಂದು ತೋಟ, ಇನ್ನೊಂದು ಲೈನು. ಮಗು ಮೂರು ವರ್ಷದಲ್ಲಿ ಮೂರು ಪಂಚಾಯಿತಿ ಬದಲಿಸುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ 2013ರಿಂದಲೂ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಹೋಗಿ ಮಕ್ಕಳನ್ನು ಪರೀಕ್ಷಿಸಬೇಕು. ಹುಟ್ಟಿನ ದೋಷ, ಕೊರತೆಯ ಕಾಯಿಲೆ, ಬೆಳವಣಿಗೆಯ ತೊಂದರೆ ಸಿಕ್ಕಿಬೀಳುವುದು ಅಲ್ಲಿ. ಯಾವ ಅಂಗನವಾಡಿಯ ಪುಸ್ತಕದಲ್ಲೂ ಹೆಸರು ನಿಲ್ಲದ ಮಗುವನ್ನು ಆ ತಂಡ ಎಲ್ಲಿ ಹುಡುಕೀತು?

ಕಾನೂನು ಇರಲಿಲ್ಲವೇ? ಇತ್ತು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಕಾರ್ಮಿಕರಿಗೂ ಅವರ ಕುಟುಂಬಕ್ಕೂ ವೈದ್ಯಕೀಯ ಸೌಲಭ್ಯ ಕೊಡುವುದು ಮಾಲೀಕನ ಹೊಣೆ ಎಂದು ಹೇಳಿತು. ಐವತ್ತು ಹೆಣ್ಣಾಳು ಇರುವ ಅಥವಾ ಹೆಣ್ಣಾಳುಗಳ ಮಕ್ಕಳು ಇಪ್ಪತ್ತು ಇರುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಎಂದಿತು. ಆದರೆ ಆ ಕಾಯ್ದೆ ಅನ್ವಯಿಸುತ್ತಿದ್ದುದು 5 ಹೆಕ್ಟೇರಿಗೆ ಕಡಿಮೆಯಿಲ್ಲದ, 15 ಆಳುಗಳಿಗೆ ಕಡಿಮೆಯಿಲ್ಲದ ತೋಟಗಳಿಗೆ. ಕೊಡಗಿನಲ್ಲಿ ಬಹುಪಾಲು ಹಿಡುವಳಿಗಳು ಅದಕ್ಕಿಂತ ಸಣ್ಣವು. ಹಾಜರಿ ಪುಸ್ತಕದಲ್ಲಿ ಹೆಸರೇ ಬರೆಯದಿದ್ದರೆ ದೊಡ್ಡ ತೋಟವೂ ಕಾನೂನಿನ ಕಣ್ಣಿಗೆ ಸಣ್ಣದೇ. ಹೀಗೆ ಕಾಯ್ದೆ ಏಳು ದಶಕ ಬದುಕಿತು. ಎಷ್ಟೋ ಲೈನ್ ಮನೆಯ ಮಕ್ಕಳು ಅದರ ಹೆಸರನ್ನೂ ಕೇಳದೆ ಬೆಳೆದರು, ಇಲ್ಲವೇ ಬೆಳೆಯುವ ಮೊದಲೇ ಸತ್ತರು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆ ಅವುಗಳಲ್ಲಿ ಕರಗಿತು. ಹಳೆಯದನ್ನು ಜಾರಿ ಮಾಡದವರು ಹೊಸದನ್ನು ಜಾರಿ ಮಾಡುತ್ತಾರೆಂದು ನಂಬಲು ಕಾರಣ ಬೇಕು. ಆ ಕಾರಣವನ್ನು ಇದುವರೆಗೆ ಯಾರೂ ಕೊಟ್ಟಿಲ್ಲ.

ಈ ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಈ ಪುಟ್ಟ ಜಿಲ್ಲೆಯದು. ಇತ್ತೀಚಿನ ವರ್ಷಗಳಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿತು. ಬೆಲೆ ಏರಿದಾಗ ತೋಟಕ್ಕೆ ಹೊಸ ಬೇಲಿ ಬಂತು, ಹೊಸ ಪಲ್ಪರ್ ಬಂತು, ಹೋಂಸ್ಟೇಗೆ ಹೊಸ ಕೋಣೆ ಬಂತು. ಲೈನ್ ಮನೆಯ ಕೂಸಿಗೆ ಏನು ಬಂತು? ಕೊಡಗಿನಲ್ಲಿ ಒಳ್ಳೆಯ ಮಾಲೀಕರು ಇಲ್ಲವೆಂದು ನಾನು ಹೇಳುತ್ತಿಲ್ಲ. ಮಧ್ಯರಾತ್ರಿ ತಮ್ಮ ಜೀಪಿನಲ್ಲಿ ಆಳಿನ ಮಗುವನ್ನು ಆಸ್ಪತ್ರೆಗೆ ಸಾಗಿಸಿದವರು ಇದ್ದಾರೆ. ಅವರಿಗೆ ಕೈಮುಗಿಯುತ್ತೇನೆ. ಆದರೆ ಮಗುವಿನ ಉಸಿರು ಒಬ್ಬ ಮನುಷ್ಯನ ಒಳ್ಳೆಯತನವನ್ನು ನೆಚ್ಚಿಕೊಂಡು ನಿಲ್ಲಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ನೆಲದಲ್ಲಿ ಎರವರು ಗದ್ದೆಯ ಜೊತೆಗೇ ಕೈಬದಲಾಗುವ ಜೀತದಾಳುಗಳಾಗಿದ್ದರು. 1843ರಲ್ಲಿ ಬ್ರಿಟಿಷರು ಗುಲಾಮಗಿರಿಯ ವಿರುದ್ಧ ಕಾಯ್ದೆ ಮಾಡಿದರು, 1976ರಲ್ಲಿ ನಾವು ಜೀತ ರದ್ದು ಮಾಡಿದೆವು. ಆಗಲೂ ಒಳ್ಳೆಯ ಒಡೆಯರಿದ್ದರು. ಒಳ್ಳೆಯ ಒಡೆಯನಿದ್ದ ಮಾತ್ರಕ್ಕೆ ಜೀತ ನ್ಯಾಯವಾಗಲಿಲ್ಲ.

ಲೈನ್ ಮನೆಯವರಲ್ಲಿ ಅನೇಕರು ಅಲ್ಲಿಗೆ ಬಂದದ್ದಾದರೂ ಹೇಗೆ? ಕಾಡಿನಿಂದ ಹೊರದಬ್ಬಿದ್ದರಿಂದ. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1980ರ ದಶಕದಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಆಮೇಲೆ ಹುಲಿ ಸಂರಕ್ಷಿತ ಪ್ರದೇಶವಾಯಿತು. ಒಂದೊಂದು ಸಲ ಹೆಸರು ಬದಲಾದಾಗಲೂ ಒಳಗಿದ್ದ ಜೇನು ಕುರುಬರು, ಬೆಟ್ಟ ಕುರುಬರು, ಎರವರು ಇನ್ನಷ್ಟು ಹೊರಗೆ ಬಂದರು. ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಅವರ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ಹೀಗೆ ಒಕ್ಕಲೆಬ್ಬಿಸಲ್ಪಟ್ಟ 3,418 ಕುಟುಂಬಗಳ ಲೆಕ್ಕವಿದೆ. ಅವುಗಳಲ್ಲಿ ಎಷ್ಟೋ ಕುಟುಂಬಗಳಿಗೆ ಉಳಿದ ದಾರಿ ಕಾಫಿ ತೋಟದ ಕೂಲಿಯೊಂದೇ. ಇದೇ ಕಾಡಿನೊಳಗೆ 1990ರ ದಶಕದಲ್ಲಿ ಐಷಾರಾಮಿ ಹೋಟೆಲ್ ಎಬ್ಬಿಸಲು ಅನುಮತಿ ಸಿಕ್ಕಿತ್ತು! ಆದಿವಾಸಿಗಳು ಬೀದಿಗಿಳಿದು, ಕೋರ್ಟಿಗೆ ಹೋಗಿ, 1997ರಲ್ಲಿ ಅದನ್ನು ನಿಲ್ಲಿಸಿದರು. ಪ್ರವಾಸಿಯ ಹಾಸಿಗೆಗೆ ಜಾಗ ಹುಡುಕಿದ ಕಾಡಿನಲ್ಲಿ ಬಾಣಂತಿಯ ಚಾಪೆಗೆ ಜಾಗ ಇರಲಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯನ್ನು ಒಮ್ಮೆ ಓದಿ ನೋಡಿ. ಅರಣ್ಯ ಗ್ರಾಮಗಳನ್ನು ಕಂದಾಯ ಗ್ರಾಮಗಳಾಗಿ ಬದಲಿಸುವ ಹಕ್ಕು ಅದರಲ್ಲಿದೆ. ಹಕ್ಕುಗಳ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸಬಾರದೆಂಬ ಮಾತಿದೆ. ಇನ್ನೂ ಒಂದು ಮಾತಿದೆ, ಅದನ್ನು ಯಾವ ಅಧಿಕಾರಿಯೂ ಸಭೆಯಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ: ಗ್ರಾಮಸಭೆ ಶಿಫಾರಸು ಮಾಡಿದರೆ ಶಾಲೆ, ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಕುಡಿಯುವ ನೀರಿಗಾಗಿ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು ಕೊಡಬಹುದು, ಹೆಕ್ಟೇರಿಗೆ 75 ಮರಗಳವರೆಗೆ ಕಡಿಯಬಹುದು. ಕಾಡಿನ ಕಾನೂನೇ ಅಂಗನವಾಡಿಗೆ ಬಾಗಿಲು ತೆರೆದಿಟ್ಟಿದೆ. ‘ಫಾರೆಸ್ಟ್‌ನವರು ಬಿಡುವುದಿಲ್ಲ, ನಾವೇನು ಮಾಡೋಣ’ ಎಂದು ಆರೋಗ್ಯ ಇಲಾಖೆ ಹೇಳುತ್ತದೆ. ‘ಪ್ರಸ್ತಾವನೆಯೇ ಬಂದಿಲ್ಲ’ ಎಂದು ಅರಣ್ಯ ಇಲಾಖೆ ಹೇಳುತ್ತದೆ. ಎರಡು ಕಡತಗಳ ನಡುವೆ ಸಿಕ್ಕಿದ ಹಾಡಿಯಲ್ಲಿ ಲಸಿಕೆ ತಪ್ಪುತ್ತದೆ, ತೂಕ ನೋಡುವುದು ತಪ್ಪುತ್ತದೆ, ಹೆಸರು ಬರೆಯುವುದು ತಪ್ಪುತ್ತದೆ.

2025ರ ಮೇ ತಿಂಗಳಲ್ಲಿ 52 ಜೇನು ಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಹಿಂದಿರುಗಿದವು. ತಾತ ಮುತ್ತಾತರ ಗೋರಿಗಳಿರುವ ಜಾಗ ಅದು, ಹಕ್ಕಿಗಾಗಿ ಅರ್ಜಿ ಹಾಕಿ ವರ್ಷಗಳು ಕಳೆದಿದ್ದವು. ಮುಂದೇನಾಯಿತು? ಕೆಲವೇ ವಾರಗಳಲ್ಲಿ ಅವರು ಕಟ್ಟಿಕೊಂಡ ಆಸರೆಗಳನ್ನು ಕೆಡವಲಾಯಿತು. ದಿಡ್ಡಳ್ಳಿಯಾಗಿ ಒಂಬತ್ತು ವರ್ಷ ತುಂಬುವ ಮೊದಲೇ ಅದೇ ಕೈ, ಅದೇ ಕೆಲಸ. ಕೆಡವಲು ಬಂದವರ ಜೊತೆ ಒಬ್ಬ ಆಶಾ ಕಾರ್ಯಕರ್ತೆಯನ್ನು ಕಳಿಸಬೇಕೆಂದು ಯಾವ ಆದೇಶವೂ ಹೇಳುವುದಿಲ್ಲ. ಅಲ್ಲಿ ಎಷ್ಟು ಮಕ್ಕಳಿದ್ದಾರೆ, ಯಾರಿಗೆ ಜ್ವರವಿದೆ, ಯಾರು ತುಂಬು ಬಸಿರಿ ಎಂದು ಬರೆದುಕೊಳ್ಳುವ ನಮೂನೆ ಸರ್ಕಾರದ ಬಳಿ ಇಲ್ಲ. ಕಡಿದ ಮರಕ್ಕೆ ಲೆಕ್ಕವಿದೆ, ಕೆಡವಿದ ಮನೆಯ ಮಗುವಿಗೆ ಲೆಕ್ಕವಿಲ್ಲ.

ಕೆಡವುವುದು ಬರೀ ಯಂತ್ರದಿಂದಲೇ ಆಗಬೇಕಿಲ್ಲ, ಪಟ್ಟಿಯಿಂದಲೂ ಆಗುತ್ತದೆ. ಬೆಟ್ಟ ಕುರುಬರನ್ನೇ ನೋಡಿ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಕಾಡು ಕುರುಬ ಎಂದಿತ್ತು. ಬೆಟ್ಟ ಕುರುಬ ಎಂದಿರಲಿಲ್ಲ. ಕಾಡಿನಲ್ಲೇ ಹುಟ್ಟಿ ಕಾಡಿನಲ್ಲೇ ಬೆಳೆದವರು ಪ್ರಮಾಣಪತ್ರಕ್ಕಾಗಿ ತಲೆಮಾರುಗಟ್ಟಲೆ ಅಲೆದರು. ಸಂಸತ್ತು ತಿದ್ದುಪಡಿಗೆ ಒಪ್ಪಿಗೆ ಕೊಟ್ಟದ್ದು 2022ರ ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಹುಟ್ಟಿದ ಮಕ್ಕಳು ಕಳೆದುಕೊಂಡದ್ದನ್ನು ಯಾವ ತಿದ್ದುಪಡಿ ಹಿಂದಿರುಗಿಸುತ್ತದೆ? 2023ರ ನವೆಂಬರ್ 15ರಂದು ಪಿಎಂ ಜನಮನ್ ಯೋಜನೆ ಬಂತು. ಮೂಲ ಬುಡಕಟ್ಟುಗಳ ಹಾಡಿಗೇ ಹೋಗಿ ಆಧಾರ್, ಆಯುಷ್ಮಾನ್ ಕಾರ್ಡ್ ಮಾಡಿಕೊಡುವ, ಮನೆ ಕಟ್ಟಿಕೊಡುವ ಯೋಜನೆ. ಒಳ್ಳೆಯದು, ಬರಲಿ. ಆದರೆ ಕರ್ನಾಟಕದಲ್ಲಿ ಮೂಲ ಬುಡಕಟ್ಟುಗಳ ಪಟ್ಟಿಯಲ್ಲಿರುವುದು ಜೇನು ಕುರುಬರು ಮತ್ತು ಕೊರಗರು ಮಾತ್ರ. ಒಂದೇ ಲೈನ್ ಮನೆಯಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡು ಬದುಕುವ ಎರವರ ಮಗು, ಬೆಟ್ಟ ಕುರುಬರ ಮಗು, ಕುಡಿಯರ ಮಗು ಆ ಪಟ್ಟಿಯ ಹೊರಗೆ. ಅಧಿಕಾರಿ ಒಂದು ಬಾಗಿಲು ತಟ್ಟಿ ಪಕ್ಕದ ಬಾಗಿಲು ಬಿಟ್ಟು ಹೋಗಬೇಕು. ಹಸಿವು ಒಂದೇ, ಮಳೆ ಒಂದೇ, ಕಾಯಿಲೆ ಒಂದೇ. ಕಾರ್ಡ್ ಮಾತ್ರ ಬೇರೆ ಬೇರೆ.

ಹೋಗಲಿ, ಕಾರ್ಡ್ ಸಿಕ್ಕಿತು ಎಂದಿಟ್ಟುಕೊಳ್ಳಿ. ಕೊಡಗು, ವಯನಾಡು, ನೀಲಗಿರಿಯ ಆದಿವಾಸಿಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ. ಅಪ್ಪ ಅಮ್ಮನಿಂದ ಮಗುವಿಗೆ ಬರುವ ಕಾಯಿಲೆ. ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ಬಾಗಿ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಮಗು ಕೈಕಾಲಿನ ನೋವಿನಿಂದ ರಾತ್ರಿಯೆಲ್ಲ ಚೀರುತ್ತದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಪ್ರಧಾನಿ ಇದರ ನಿರ್ಮೂಲನೆಯ ಅಭಿಯಾನ ಉದ್ಘಾಟಿಸಿದರು. 2047ರ ಗಡುವು, 7 ಕೋಟಿ ಜನರ ತಪಾಸಣೆಯ ಗುರಿ, ಕರ್ನಾಟಕವೂ ಅದರಲ್ಲಿದೆ. ಆದರೆ ಈ ಮಗುವಿಗೆ ಬೇಕಾದದ್ದು ದಿನವೂ ಮಾತ್ರೆ, ಆಗಾಗ ರಕ್ತ ಪರೀಕ್ಷೆ, ವರ್ಷಪೂರ್ತಿ ವೈದ್ಯರ ಕಣ್ಗಾವಲು. ಆಯುಷ್ಮಾನ್ ವಿಮೆ ಹಣ ಕೊಡುವುದು ಆಸ್ಪತ್ರೆಯಲ್ಲಿ ದಾಖಲಾದರೆ ಮಾತ್ರ. ನಡೆದು ಬಂದು ಚೀಟಿ ಮಾಡಿಸಿ ಮಾತ್ರೆ ತೆಗೆದುಕೊಂಡು ಹೋಗುವವರಿಗೆ ಆ 5 ಲಕ್ಷದಲ್ಲಿ ಒಂದು ರೂಪಾಯಿಯೂ ಇಲ್ಲ. ಮಗು ಮಲಗುವಷ್ಟು ಕೆಡಲಿ, ಆಮೇಲೆ ನೋಡೋಣ ಎನ್ನುವ ವಿಮೆ ಇದು.

ಮಲಗುವಷ್ಟು ಕೆಟ್ಟ ಮೇಲೆ ಎಲ್ಲಿಗೆ ಹೋಗಬೇಕು? ತುರ್ತು ಚಿಕಿತ್ಸೆ ಬಿಟ್ಟರೆ ಮಿಕ್ಕ ದೊಡ್ಡ ಚಿಕಿತ್ಸೆಗಳಿಗೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಆದರೂ 2019ರ ಜೂನ್‌ನಲ್ಲಿ ತುರ್ತು ಚಿಕಿತ್ಸೆಯ ಸುಸಜ್ಜಿತ ಆಸ್ಪತ್ರೆ ಬೇಕೆಂದು ಕೊಡಗಿನವರು ದೇಶಕ್ಕೆ ಕೇಳುವಂತೆ ಕೂಗಬೇಕಾಯಿತು. ದಾರಿಯಲ್ಲೇ ಪ್ರಾಣ ಬಿಟ್ಟವರ ನೆನಪು ಆ ಕೂಗಿನಲ್ಲಿತ್ತು. ದೊಡ್ಡ ಕಾಯಿಲೆಯೆಂದರೆ ಇಂದಿಗೂ ಮೈಸೂರು, ಇಲ್ಲವೇ ಮಂಗಳೂರು. ಮಡಿಕೇರಿಯಿಂದ ನೂರು ಕಿಲೋಮೀಟರಿಗೂ ಆಚೆ. ಕಾರಿರುವವರಿಗೇ ಇದು ಸಂಕಟ. ಜಿಲ್ಲೆಯ ತುದಿಯ ಕುಟ್ಟದ ಬಳಿಯ ಹಾಡಿಯಿಂದ ಮಳೆಗಾಲದಲ್ಲಿ ಹೊರಡುವ ತಾಯಿಗೆ ಬಸ್ಸಿನ ಹಣ ಯಾರು ಕೊಡುತ್ತಾರೆ? ಹೋದ ದಿನಗಳ ಕೂಲಿ ಯಾರು ಕೊಡುತ್ತಾರೆ? ಮನೆಯಲ್ಲಿ ಬಿಟ್ಟುಬಂದ ಇನ್ನಿಬ್ಬರಿಗೆ ಅನ್ನ ಯಾರು ಹಾಕುತ್ತಾರೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಲೆಕ್ಕದಂತೆ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಐದು ವರ್ಷ ತುಂಬುವ ಮೊದಲೇ ಸಾಯುವವರು ಸುಮಾರು 42. ಪರಿಶಿಷ್ಟ ಪಂಗಡದಲ್ಲಿ ಸುಮಾರು 50. ನಡುವಿನ ಆ ಎಂಟು ಮಕ್ಕಳು ದೇವರ ಇಚ್ಛೆಯಿಂದ ಸತ್ತವರಲ್ಲ.

ಇಲ್ಲಿಗೆ ಬಂದರೆ ಸಾಕು, ಹಳೆಯ ಪಲ್ಲವಿ ಶುರುವಾಗುತ್ತದೆ: ‘ಅವರಿಗೇ ಆಸ್ಪತ್ರೆ ಬೇಡ. ಕರೆದರೂ ಬರುವುದಿಲ್ಲ. ದುಡಿದದ್ದನ್ನೆಲ್ಲ ಕುಡಿಯುತ್ತಾರೆ.’ ಇದನ್ನು ಹೇಳುವವರು ಗಡಿ ದಾಟಿ ಗೂಡಲೂರಿಗೆ ಹೋಗಿ ನೋಡಲಿ. ನೀಲಗಿರಿಯ ಆ ಊರಿನ ಸುತ್ತ ಇರುವವರು ಪಣಿಯರು, ಬೆಟ್ಟ ಕುರುಂಬರು, ಕಾಟ್ಟುನಾಯಕರು. ನಮ್ಮ ಎರವರ, ಕುರುಬರ ಒಡಹುಟ್ಟುಗಳು. ಅಲ್ಲಿ 1980ರ ದಶಕದಲ್ಲಿ ಭೂಮಿಯ ಹಕ್ಕಿಗಾಗಿ ಸಂಘ ಕಟ್ಟಿದ ಆದಿವಾಸಿಗಳು ಮುಂದೆ ತಮ್ಮದೇ ಆಸ್ಪತ್ರೆಯನ್ನು ಕಟ್ಟಿಕೊಂಡರು. ತಮ್ಮ ಹುಡುಗಿಯರನ್ನೇ ದಾದಿಯರನ್ನಾಗಿ ತಯಾರು ಮಾಡಿದರು. 1992ರಲ್ಲೇ, ಆಯುಷ್ಮಾನ್ ಹುಟ್ಟುವುದಕ್ಕೆ ಕಾಲು ಶತಮಾನ ಮೊದಲೇ, ತಮ್ಮದೇ ಆರೋಗ್ಯ ವಿಮೆಯನ್ನು ಆರಂಭಿಸಿದರು. ಭೂಮಿ ಮೊದಲು, ಆಸ್ಪತ್ರೆ ಆಮೇಲೆ, ವಿಮೆ ಅದರ ಮೇಲೆ. ನಿಲ್ಲುವ ನೆಲ ಸಿಕ್ಕ ಆದಿವಾಸಿ ಆಸ್ಪತ್ರೆಯ ಬಾಗಿಲಿಗೆ ತಾನಾಗಿ ಬಂದ.

ನಮ್ಮ ರಾಜ್ಯದಲ್ಲೂ ಉದಾಹರಣೆ ಇದೆ. 2002ರ ಸುಮಾರಿಗೆ ಕರುಣಾ ಟ್ರಸ್ಟ್ ಎಂಬ ಸ್ವಯಂಸೇವಾ ಸಂಸ್ಥೆ ಟಿ. ನರಸೀಪುರದಲ್ಲಿ ನಡೆಸಿದ ಸಮುದಾಯ ಆರೋಗ್ಯ ವಿಮೆಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ದಾಖಲಾದ ಬಡವರಿಗೆ ದಿನಕ್ಕೆ 50 ರೂಪಾಯಿ ಕೂಲಿ ನಷ್ಟದ ಪರಿಹಾರ ಸಿಗುತ್ತಿತ್ತು. ಕೂಲಿಯವರು ಆಸ್ಪತ್ರೆಗೆ ಏಕೆ ಬರುವುದಿಲ್ಲ ಎಂಬುದನ್ನು ಅರ್ಥ ಮಾಡಿಕೊಂಡವರು ಮಾಡಿದ ನಿಯಮ ಅದು. ದೂರದ ಥಾಯ್ಲೆಂಡ್ 2002ರಲ್ಲಿ ಎಲ್ಲರಿಗೂ ಆರೋಗ್ಯ ಎಂದು ಘೋಷಿಸಿದಾಗ ಉತ್ತರದ ಬೆಟ್ಟಗಳ ಬುಡಕಟ್ಟಿನವರಲ್ಲಿ ಪೌರತ್ವದ ಗುರುತಿನ ಸಂಖ್ಯೆ ಇಲ್ಲದವರು ಹೊರಗುಳಿದರು. 2010ರಲ್ಲಿ ಅಲ್ಲಿನ ಸಚಿವ ಸಂಪುಟ ಅಂಥವರಿಗಾಗಿಯೇ ಬೇರೆ ನಿಧಿ ತೆರೆಯಿತು. ದಾಖಲೆಯ ತಕರಾರು ಆಮೇಲೆ ಬಗೆಹರಿಯಲಿ, ಚಿಕಿತ್ಸೆ ಈಗ ಸಿಗಲಿ ಎಂದಿತು. ಪೌರತ್ವವೇ ಇಲ್ಲದವರಿಗೆ ಅವರು ಮಾಡಿದ್ದನ್ನು ಈ ನೆಲದ ಮೊದಲ ಒಕ್ಕಲಿಗೆ ನಾವು ಮಾಡಲಾರೆವೇ?

ಹುಲಿ ಉಳಿಯಬೇಡವೇ, ಕಾಡು ಉಳಿಯಬೇಡವೇ ಎಂದು ಕೇಳುವವರಿದ್ದಾರೆ. ಉಳಿಯಬೇಕು. ಆದರೆ ನಾಗರಹೊಳೆಯ ಕಾಡು ಉಳಿದು ಬಂದದ್ದೇ ಈ ಜನ ಅದರೊಳಗಿದ್ದಾಗ. ಬೆಂಕಿ ಬಿದ್ದರೆ ಆರಿಸಲು, ಆನೆ ಪಳಗಿಸಲು, ಬೇಟೆಗಾರನ ಜಾಡು ಹಿಡಿಯಲು ಇಲಾಖೆ ಕರೆಯುವುದು ಇವರನ್ನೇ. ಕಾಡಿನ ಕೆಲಸಕ್ಕೆ ಬೇಕಾದವರು ಕಾಡಿನ ಮನೆಗೆ ಏಕೆ ಬೇಡವಾದರು? ತೋಟದ ಕೆಲಸಕ್ಕೆ ಬೇಕಾದವರು ತೋಟದ ವಿಳಾಸಕ್ಕೆ ಏಕೆ ಬೇಡವಾದರು? 2011ರ ಜನಗಣತಿಯಲ್ಲಿ ಕೊಡಗಿನ ಐದೂವರೆ ಲಕ್ಷ ಜನರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಹತ್ತರಲ್ಲಿ ಒಬ್ಬರನ್ನು ಕೂಲಿಗೆ ಎಣಿಸಿ, ಓಟಿಗೆ ಎಣಿಸಿ, ಚಿಕಿತ್ಸೆಗೆ ಬಂದಾಗ ಲೆಕ್ಕ ಮರೆಯುವ ಜಿಲ್ಲೆ ತನ್ನನ್ನು ವೀರರ ನಾಡೆಂದು ಕರೆದುಕೊಳ್ಳಲು ನಾಚಬೇಕು.

ನಾವು ಕೇಳುತ್ತಿರುವುದು ದಾನವಲ್ಲ. ಹಾಡಿಯಲ್ಲಾಗಲಿ, ಲೈನ್ ಮನೆಯಲ್ಲಾಗಲಿ ಹುಟ್ಟಿದ ಪ್ರತಿ ಮಗುವಿಗೂ ಹದಿನೆಂಟು ವರ್ಷದವರೆಗೆ ಯಾವ ಕಾರ್ಡನ್ನೂ ಕೇಳದೆ ಪೂರ್ತಿ ಚಿಕಿತ್ಸೆ ಸಿಗಬೇಕು. ಅಂಗನವಾಡಿ ಕಾರ್ಯಕರ್ತೆಯ ಅಥವಾ ಹಾಡಿಯ ಗ್ರಾಮಸಭೆಯ ಒಂದು ಮಾತು ದಾಖಲೆಯಾಗಿ ಸಾಕಾಗಬೇಕು. ಕಾರ್ಡ್ ಇಲ್ಲದ ಆದಿವಾಸಿ ಮಗುವನ್ನು ಸಾಮಾನ್ಯ ವರ್ಗಕ್ಕೆ ತಳ್ಳುವ ನಿಯಮ ಇಂದೇ ರದ್ದಾಗಬೇಕು. ಜನಮನ್ ಯೋಜನೆಯಂತೆ ಎರವರು, ಬೆಟ್ಟ ಕುರುಬರು, ಕುಡಿಯರ ಬಾಗಿಲಿಗೂ ರಾಜ್ಯ ಸರ್ಕಾರ ತನ್ನ ಹಣದಲ್ಲಿ ಹೋಗಬೇಕು. ತೋಟದ ಮಾಲೀಕರು ತಮ್ಮ ಲೈನಿನಲ್ಲಿರುವ ಪ್ರತಿ ಮಗುವಿನ ಹೆಸರನ್ನು ಪಂಚಾಯಿತಿಗೆ ಕೊಡುವುದು ಕಡ್ಡಾಯವಾಗಬೇಕು. ಕೊಡದವರ ಮೇಲೆ ಕ್ರಮವಾಗಬೇಕು. ಆಸ್ಪತ್ರೆಗೆ ಬಂದ ತಾಯಿಗೆ ಬಸ್ಸಿನ ಹಣ, ಕಳೆದುಕೊಂಡ ಕೂಲಿ ಅದೇ ವಿಮೆಯಿಂದ ಸಿಗಬೇಕು. ಸಿಕಲ್ ಸೆಲ್ ಇರುವ ಮಗುವಿನ ಮಾತ್ರೆ ಹಾಡಿಗೇ ಬರಬೇಕು. ಯಾವ ಹಾಡಿಯನ್ನೂ ಅರಣ್ಯ ಹಕ್ಕಿನ ತೀರ್ಮಾನವಾಗದೆ ಮುಟ್ಟಬಾರದು. ಮುಟ್ಟಿದ ಅಧಿಕಾರಿಯ ಹೆಸರನ್ನು, ಆ ದಿನ ಅಲ್ಲಿ ಮನೆ ಕಳೆದುಕೊಂಡ ಒಂದೊಂದು ಮಗುವಿನ ಹೆಸರಿನ ಎದುರು ಬರೆದಿಡಬೇಕು. ಆ ಮಗುವಿಗೆ ಮುಂದೆ ಚಿಕಿತ್ಸೆ ತಪ್ಪಿದರೆ ಉತ್ತರ ಕೊಡಬೇಕಾದವನು ಆತನೇ.

ಇಷ್ಟಕ್ಕೂ ಹೊಸ ಕಾಯ್ದೆ ಬೇಕಿಲ್ಲ, ದೊಡ್ಡ ಖಜಾನೆ ಬೇಕಿಲ್ಲ. ಬೇಕಾದದ್ದು ಈ ಮಕ್ಕಳನ್ನು ತಮ್ಮ ಮಕ್ಕಳಂತೆ ಎಣಿಸುವ ಮನಸ್ಸು. ಆ ಮನಸ್ಸು ತಾನಾಗಿ ಬರುತ್ತದೆಂದು ಕಾಯುತ್ತ ಕೂರುವ ಕಾಲ ಮುಗಿಯಿತು. ದಿಡ್ಡಳ್ಳಿಯ ಜನ ಕೂತು ಕೇಳಿದಾಗ ಏನೂ ಸಿಗಲಿಲ್ಲ, ಎದ್ದು ನಿಂತಾಗ ನೆಲ ಸಿಕ್ಕಿತು. ಚಿಕಿತ್ಸೆಯೂ ಹಾಗೆಯೇ ಸಿಗುವುದಾದರೆ ನಾವು ಹಾಡಿಯವರ ಜೊತೆ ನಿಂತು, ಜಿಲ್ಲಾಧಿಕಾರಿ ಕಚೇರಿಯ ಬಾಗಿಲಲ್ಲಿ, ತೋಟದ ಗೇಟಿನಲ್ಲಿ, ಕಾಡಿನ ಚೆಕ್‌ಪೋಸ್ಟಿನಲ್ಲಿ ಕೇಳುತ್ತೇವೆ. ಕೊಡುವವರೆಗೂ ಕೇಳುತ್ತೇವೆ.